ಮೀಸೆ ಮತ್ತು ಮೂವತ್ತಾರು ಲೀಟರ್

ನನ್ನಲ್ಲಿ ಒಂದು ದೌರ್ಬಲ್ಯವಿದೆ, ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರ ಮಾತನ್ನು ನಾನು ಬೇಗ ನಂಬುವುದಿಲ್ಲ, ಆದರೆ ಅಂಕಿಯನ್ನು ಕಂಡ ಕೂಡಲೇ ನಂಬಿಬಿಡುತ್ತೇನೆ. ಹೆಂಡತಿ ದೇವಮ್ಮ ಸಾರಿಗೆ ಉಪ್ಪು ಸರಿಯಾಗಿದೆ ಎಂದರೆ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವ ನಾನು, ಬಸ್ ನಿಲ್ದಾಣದ ತೂಕದ ಯಂತ್ರ ತೊಂಬತ್ತೆರಡು ಎಂದು ಚೀಟಿ ಉದುರಿಸಿದರೆ ಅದರ ಹಿಂಬದಿಯಲ್ಲಿ ಅಚ್ಚಾದ ಭವಿಷ್ಯವನ್ನೂ ಸೇರಿಸಿ ನಂಬುತ್ತೇನೆ. ಇದು ನೌಕರಿಯಿಂದ ಅಂಟಿದ ರೋಗ. ಮೂವತ್ತೊಂದು ವರ್ಷದಿಂದ ನಾನು ಶಹಾಪುರದ ಕಾಲುವೆ ಕಚೇರಿಯಲ್ಲಿ ಗೇಜ್ ರೀಡರ್. ಕಾಲುವೆಯ ಗೋಡೆಗೆ ಅಳತೆಯ ಗುರುತುಗಳನ್ನು ಬಳಿದಿರುತ್ತಾರೆ. ನೀರು ಯಾವ ಗುರುತಿಗೆ ನಿಂತಿದೆ ಎಂದು ದಿನಕ್ಕೆ ಮೂರು ಸಲ ನೋಡಿ, ವಹಿಯಲ್ಲಿ ಬರೆದು, ಮೇಲಿನವರಿಗೆ ಫೋನಿನಲ್ಲಿ ತಿಳಿಸುವುದು ನನ್ನ ಕೆಲಸ. ಎಲ್ಲಿ ಸೋರುತ್ತಿದೆ, ಯಾರು ಕದ್ದು ಪೈಪು ಇಳಿಬಿಟ್ಟಿದ್ದಾರೆ ಎಂಬುದನ್ನು ಒಂದಿಷ್ಟು ಇಳಿತದಿಂದಲೇ ಹೇಳಬಲ್ಲೆ. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಹೆಸರು ಗೇಜ್ ತಿಪ್ಪಣ್ಣ. ಗೇಜ್ ಎಂಬುದು ನಮ್ಮ ಮನೆತನದ ಹೆಸರೆಂದೇ ತಿಳಿದು ಯಾರೋ ಲಗ್ನಪತ್ರಿಕೆಯಲ್ಲಿ ಹಾಗೆಯೇ ಅಚ್ಚು ಹಾಕಿಸಿದ್ದರು. ನಾನು ತಿದ್ದಲು ಹೋಗಲಿಲ್ಲ.

ಇಂಥ ನನಗೆ ನನ್ನ ಗೊರಕೆಯ ವಿಷಯದಲ್ಲಿ ಮಾತ್ರ ಯಾವ ಅಂಕಿಯೂ ಸಿಕ್ಕಿರಲಿಲ್ಲ. ದೇವಮ್ಮ ಇಪ್ಪತ್ತೆಂಟು ವರ್ಷದಿಂದ ಹೇಳುತ್ತಲೇ ಇದ್ದಳು. "ನೀವು ಗೊರಕಿ ಹೊಡೀತೀರಿ, ಹೊಡೀಲಿ. ಆದ್ರ ನಡುನಡುವ ಉಸುರ ನಿಲ್ಲಸ್ತೀರಲ್ರಿ, ಅದಕ್ಕ ನಂಗ ಎದಿ ಝಲ್ ಅಂತದ." ಎಷ್ಟು ಸಲ ನಿಲ್ಲಿಸುತ್ತೇನೆ ಎಂದು ಕೇಳಿದರೆ "ಬಾಳ ಸಲ" ಎನ್ನುತ್ತಿದ್ದಳು. ಬಹಳ ಎಂಬುದು ಅಂಕಿಯಲ್ಲ. ಹಾಗಾಗಿ ನಾನು ಅದನ್ನು ದಾಖಲೆಗೆ ತೆಗೆದುಕೊಂಡಿರಲಿಲ್ಲ.

ಕೊನೆಗೆ ದಾಖಲೆ ಆದದ್ದು ರೈತರ ಸಭೆಯಲ್ಲಿ, ಹಾಡುಹಗಲಿನಲ್ಲಿ, ಮೈಕಿನ ಎದುರು. ಕಾಲುವೆಯ ಕೊನೆಯ ಹಳ್ಳಿಗಳವರು ತಮಗೆ ನೀರು ಮುಟ್ಟುವುದಿಲ್ಲ ಎಂದು ಗದ್ದಲ ಹಾಕುತ್ತಿದ್ದರು. ಎಂಜಿನಿಯರ್ ಸಾಹೇಬರು ಅಂಕಿಗಳನ್ನು ಓದಲು ನನಗೆ ಹೇಳಿದರು. ಓದಿದೆ. ಓದಿ ಮುಗಿಸಿ, ಮೈಕನ್ನು ಕೈಯಲ್ಲೇ ಹಿಡಿದು ಕುರ್ಚಿಯಲ್ಲಿ ಕುಳಿತೆ. ಮುಂದಿನದ್ದನ್ನು ನನಗೆ ಹೇಳಿದ್ದು ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಮಲ್ಲಪ್ಪ. ಮೂರು ನಿಮಿಷದಲ್ಲಿ ನನ್ನ ಗೊರಕೆ ಎರಡು ದೊಡ್ಡ ಸ್ಪೀಕರುಗಳಿಂದ ಹೊರಟಿತಂತೆ. ಸಭೆ ನಕ್ಕಿತು. ಆಮೇಲೆ ಗೊರಕೆ ಥಟ್ಟನೆ ನಿಂತಿತು. ಸಭೆಯ ನಗುವೂ ನಿಂತಿತು. ಎಲ್ಲರೂ ಕಿವಿಗೊಟ್ಟು ಕೂತರಂತೆ. ಹಿಂದಿನ ಸಾಲಿನ ಒಬ್ಬ ಮುದುಕ, ಮೂವತ್ತು ವರ್ಷದಿಂದ ನೀರಿಗೆ ಕಾದು ಅಭ್ಯಾಸವಿದ್ದವನು, "ಬಂತೇನ್ರಿ?" ಎಂದು ಕೇಳಿದ. ಮುಂದಿನವರು "ಇನ್ನಾ ಬಂದಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಉಸಿರು ಒಮ್ಮೆಲೇ ಬಂದಾಗ ಆದ ಶಬ್ದಕ್ಕೆ ಎಂಜಿನಿಯರ್ ಸಾಹೇಬರ ಕೈಯಲ್ಲಿದ್ದ ಚಹಾ ಅವರ ಅಂಗಿಯ ಮೇಲೆ ಬಿತ್ತಂತೆ. ಅವತ್ತಿನ ಸಭೆಯಲ್ಲಿ ಎಲ್ಲರೂ ಒಟ್ಟಾಗಿ ಒಪ್ಪಿದ್ದು ಒಂದೇ ವಿಷಯ: ತಿಪ್ಪಣ್ಣನಿಗೆ ಡಾಕ್ಟರ ಹತ್ತಿರ ತೋರಿಸಬೇಕು.

ಇದರಲ್ಲಿ ನಗುವ ಮಾತು ಅಲ್ಲಿಗೇ ಮುಗಿಯಿತು. ಮರುದಿನ ಸಾಹೇಬರು ಕರೆದು, "ಕಾಲುವೆ ದಂಡಿ ಮ್ಯಾಲ ಒಬ್ಬನ ಅಡ್ಡಾಡ್ತಿ ತಿಪ್ಪಣ್ಣ, ನಿಂತಲ್ಲೇ ನಿದ್ದಿ ಹತ್ತಿ ನೀರಾಗ ಬಿದ್ರ ನಿನ್ನ ಹೆಂಡ್ತಿಗಿ ನಾ ಏನಂತ ಹೇಳ್ಲಿ? ಅರಾಮ ಆಗ್ಯಾನ ಅಂತ ಡಾಕ್ಟರ್ ಬರದು ಕೊಡೂತನಕ ನೀ ಆಫೀಸಿನ್ಯಾಗ ಕುಂದ್ರು" ಎಂದರು. ನನ್ನ ವಹಿಯನ್ನು ಮಲ್ಲಪ್ಪನಿಗೆ ಕೊಟ್ಟರು. ನನಗೆ ಟಪಾಲಿನ ಲಕೋಟೆಗಳಿಗೆ ನಂಬರು ಹಾಕುವ ಕೆಲಸ ಬಂತು. ಅಂಕಿಯೇನೋ ಅಲ್ಲಿಯೂ ಇತ್ತು. ಆದರೆ ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಬರುವ ಅಂಕಿಯಲ್ಲಿ ನೋಡುವುದಕ್ಕೇನಿದೆ? ಕಾಲುವೆಯ ದಂಡೆ, ಮುಂಜಾನೆಯ ಗಾಳಿ, ಗೇಜಿನ ಎದುರು ಬಗ್ಗಿ ನಿಲ್ಲುವ ಆ ಎರಡು ನಿಮಿಷ, ಇವೆಲ್ಲ ಹೋದ ಮೇಲೆ ನನಗೆ ಅನ್ನ ರುಚಿಸಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದನ್ನು ಕಾಲುವೆಯ ಮೇಲೆಯೇ ಕಳೆಯಬೇಕೆಂದು ನನ್ನ ಆಸೆ.

ಕಲಬುರಗಿಯ ಡಾಕ್ಟರು ಒಂದು ರಾತ್ರಿ ಮೈತುಂಬ ವೈರು ಅಂಟಿಸಿ ಮಲಗಿಸಿ, ಬೆಳಿಗ್ಗೆ ಕಾಗದ ಮುಂದಿಟ್ಟರು. ನಿದ್ದೆಯಲ್ಲಿ ನನ್ನ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದಂತೆ. ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ಅರ್ಧಕ್ಕೂ ಕೆಳಗಿಳಿಯುತ್ತದೆ. ನಲವತ್ತೊಂದು. ಅಂಕಿ ಸಿಕ್ಕಿತು, ನಾನು ಆ ಕ್ಷಣವೇ ನಂಬಿದೆ. ದೇವಮ್ಮನಿಗೆ ಮಾತ್ರ ಬೇಜಾರಾಯಿತು. "ನಾ ಇಪ್ಪತ್ತೆಂಟ ವರ್ಷ ಹೇಳಿದ್ದು ಸುಳ್ಳ ಆತು, ಆ ವೈರ್ ಒಂದ ರಾತ್ರಿ ಹೇಳಿದ್ದು ಖರೇ ಆತು" ಎಂದು ಬಸ್ಸಿನಲ್ಲಿ ಜೇವರ್ಗಿ ದಾಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಡಾಕ್ಟರು ಬರೆದುಕೊಟ್ಟ ಮಷೀನನ್ನು ಮನೆಗೆ ತಂದು ಜೋಡಿಸಿಕೊಟ್ಟವರು ಯಾದಗಿರಿಯ ನಸ್ರೀನ್ ಮೇಡಂ. ಇಂಥ ಮಷೀನುಗಳನ್ನು ಮನೆಮನೆಗೆ ಮುಟ್ಟಿಸಿ ಹೇಳಿಕೊಡುವುದೇ ಅವರ ಕೆಲಸ. ನಿಧಾನದ ಹೆಂಗಸು, ಒಂದೊಂದಾಗಿ ಎತ್ತಿ ತೋರಿಸಿದರು. ಇದು ಗಾಳಿ ಊದುವ ಡಬ್ಬಿ, ಇದು ಕೊಳವೆ, ಇದು ಮೂಗಿನ ಮೇಲೆ ಕೂರುವ ಮಾಸ್ಕ್. ಊದಿದ ಗಾಳಿ ಗಂಟಲನ್ನು ಮುಚ್ಚದಂತೆ ಹಿಡಿದಿಡುತ್ತದೆ. "ಪ್ರೆಶರ್ ಹತ್ತು ಸೆಂಟಿಮೀಟರ್ ಇಟ್ಟೇನ್ರಿ ಸರ್" ಎಂದರು. ಯಾವುದರ ಸೆಂಟಿಮೀಟರ್ ಎಂದು ಕೇಳಿದೆ. "ನೀರಿಂದ್ರಿ. ಗಾಳಿ ಒತ್ತಡಾನ ನೀರಿನ ಸೆಂಟಿಮೀಟರಿನ್ಯಾಗ ಅಳೀತಾರ."

ನನಗಾದ ಸಂತೋಷವನ್ನು ಹೇಳಲಾರೆ. ಗಾಳಿಯನ್ನೂ ನೀರಿನಿಂದಲೇ ಅಳೆಯುತ್ತಾರೆ ಎಂದ ಮೇಲೆ ಇದು ನಮ್ಮ ಇಲಾಖೆಯ ವಿಷಯವೇ ಆಯಿತಲ್ಲ. ನಸ್ರೀನ್ ಮೇಡಂ ಮಾಸ್ಕ್ ಕೈಯಲ್ಲಿ ಹಿಡಿದು ಇನ್ನೇನೋ ತೋರಿಸಲು ಹೊರಟಿದ್ದರು. ನಾನು ಅವರನ್ನು ಕೂರಿಸಿ ಕಾಲುವೆಯ ಬಗ್ಗೆ ತಿಳಿಸಿಕೊಟ್ಟೆ. ಕಾಲುವೆಯ ತಲೆಯಲ್ಲಿ, ಅಂದರೆ ಶುರುವಿನಲ್ಲಿ, ಎಷ್ಟು ನೀರು ಬಿಟ್ಟರೆ ಕೊನೆಗೆ ಎಷ್ಟು ಮುಟ್ಟುತ್ತದೆ, ಎಸ್ಕೇಪ್ ಗೇಟ್ ಎಂದರೇನು, ಎಲ್ಲವನ್ನೂ ಹೇಳಿದೆ. ಎಸ್ಕೇಪ್ ಎಂದರೆ ಕಾಲುವೆಯಲ್ಲಿ ನೀರು ಮಿತಿಮೀರಿ ಒಡ್ಡು ಒಡೆಯಬಾರದೆಂದು ಹೆಚ್ಚಾದದ್ದನ್ನು ಬೇಕೆಂದೇ ಹಳ್ಳಕ್ಕೆ ಬಿಡುವ ದಾರಿ. ಅದನ್ನು ಕಂಡ ರೈತರು ಕಾಲುವೆ ಸೋರುತ್ತಿದೆ ಎಂದು ಅರ್ಜಿ ಬರೆಯುತ್ತಾರೆ. ಅದು ಸೋರಿಕೆಯಲ್ಲ, ಹೋಗಬೇಕಾದದ್ದೇ ಹೋಗುತ್ತಿದೆ ಎಂದು ಅವರಿಗೆ ತಿಳಿಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಮೇಡಂ ನಡುನಡುವೆ ಬಾಯಿ ತೆರೆದು ಮುಚ್ಚುತ್ತಿದ್ದರು. ಅವರಿಗೆ ನೀರಾವರಿಯಲ್ಲಿ ಇಷ್ಟು ಆಸಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದಾಗ ನಾನಿನ್ನೂ ಹತ್ತಿಕುಣಿ ಕೆರೆಯ ಕೋಡಿಯವರೆಗೆ ಮಾತ್ರ ಬಂದಿದ್ದೆ.

ಮಷೀನು ಕೆಲಸ ಮಾಡಿತು. ಮೊದಲ ವಾರವೇ ಮುಂಜಾನೆ ಕಣ್ಣು ಬಿಟ್ಟರೆ ತಲೆ ಹಗುರ, ಆಫೀಸಿನ ಕುರ್ಚಿಯಲ್ಲಿ ತೂಕಡಿಕೆ ಇಲ್ಲ. ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ರಾತ್ರಿಯ ವರದಿಯೂ ಬರುತ್ತದೆ. ಎಷ್ಟು ತಾಸು ಹಾಕಿಕೊಂಡೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಸೋರಿತು. ನಾನು ಹೊಸ ವಹಿ ತಂದು ಗೆರೆ ಹೊಡೆದು ಬರೆಯತೊಡಗಿದೆ. ನಲವತ್ತೊಂದು ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಅದನ್ನು ಕಂಪಾಸಿನಿಂದ ದುಂಡಗೆ ಸುತ್ತಿದೆ. ಆದರೆ ಅದರ ಪಕ್ಕದ ಕಾಲಮಿನಲ್ಲಿ ದಿನವೂ ಒಂದೇ ಅಂಕಿ: ಸೋರಿಕೆ, ಮೂವತ್ತಾರು.

ಡಾಕ್ಟರಿಗೆ ಫೋನು ಮಾಡಿದೆ. ಅವರು ಅವಸರದಲ್ಲಿದ್ದರು. "ನಾಲ್ಕು ಬಂದಿದ್ದು ಚೊಲೋ ಆಯ್ತು. ಆದ್ರ ಲೀಕ್ ಕಮ್ಮಿ ಇರಬೇಕ್ರಿ. ಮಷೀನು ತಾನು ಊದಿದ ಒಟ್ಟು ಗಾಳಿಯೊಳಗ ಸೋರಿದ್ದನ್ನ ಕಳದು, ಉಳಿದದ್ದು ನಿಮ್ಮ ಉಸಿರು ಅಂತ ತಿಳ್ಕೋತದ. ಸೋರೋದು ಹೆಚ್ಚಾದ್ರ ಆ ನಾಲ್ಕು ಖರೇ ನಾಲ್ಕೋ ಅಲ್ಲೋ ಹೇಳಾಕ ಬರೂದಿಲ್ಲ. ಹದಿನೈದು ದಿನ ಬಿಟ್ಟು ರಿಪೋರ್ಟ್ ತೊಗೊಂಡು ಬರ್ರಿ, ನೋಡಿ ಪತ್ರ ಕೊಡ್ತೀನಿ" ಎಂದು ಇಟ್ಟುಬಿಟ್ಟರು. ನಾನು ದುಂಡಗೆ ಸುತ್ತಿದ ನಾಲ್ಕು ಸುಳ್ಳಿರಬಹುದು. ಪತ್ರ ಸಿಗದಿದ್ದರೆ ನಿವೃತ್ತಿಯವರೆಗೆ ಲಕೋಟೆ. ಅದಕ್ಕಿಂತ ದೊಡ್ಡ ಅವಮಾನವೆಂದರೆ, ಇಡೀ ಕಾಲುವೆಯ ಸೋರಿಕೆ ಹುಡುಕಿದ ಗೇಜ್ ತಿಪ್ಪಣ್ಣನ ಮುಖವೇ ನಿಮಿಷಕ್ಕೆ ಮೂವತ್ತಾರು ಲೀಟರ್ ಸೋರುತ್ತಿದೆ.

ಮೊದಲು ಪಟ್ಟಿಗಳನ್ನು ಬಿಗಿದೆ. ಬೆಳಿಗ್ಗೆ ಕೆನ್ನೆಯ ಮೇಲೆ ಎತ್ತಿನ ಮುಖಕ್ಕೆ ಬಿಗಿಯುವ ಮಗಡದ ಹಗ್ಗದಂಥ ಗುರುತು ಮೂಡಿತು, ಅಂಕಿ ಮೂವತ್ತಾರೇ. ಇನ್ನೂ ಬಿಗಿದೆ, ಕಣ್ಣು ಸಣ್ಣಗಾದವು, ಆಫೀಸಿನಲ್ಲಿ ಎಲ್ಲರೂ ನಾನು ಅವರನ್ನು ಸಂಶಯದಿಂದ ನೋಡುತ್ತಿದ್ದೇನೆ ಎಂದುಕೊಂಡರು. ಕೊಳವೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಕ್ಚರ್ ನೋಡುವಂತೆ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ನನ್ನ ಅನುಭವವನ್ನೆಲ್ಲ ಬಳಸಿ ಒಂದು ಉಪಾಯ ಮಾಡಿದೆ. ಮಾಸ್ಕ್ ಹಾಕಿಕೊಂಡು ಅಂಗಾತ ಮಲಗಿ ಮಷೀನು ಚಾಲೂ ಮಾಡಿದೆ. ದೇವಮ್ಮ ಊದಿನಕಡ್ಡಿ ಹಚ್ಚಿ ನನ್ನ ಮುಖದ ಸುತ್ತ ನಿಧಾನವಾಗಿ ಆಡಿಸಬೇಕು, ಹೊಗೆ ಎಲ್ಲಿ ಚದುರುತ್ತದೋ ಅಲ್ಲಿ ಸೋರಿಕೆ. ಮೊಸರು ಕೇಳಲು ಬಂದ ಪಕ್ಕದ ಮನೆಯ ಈರಮ್ಮ ಬಾಗಿಲಿಗೆ ಬಂದದ್ದು ಆಗಲೇ. ನಾನು ಕಣ್ಣು ಮುಚ್ಚಿ ಮಲಗಿದ್ದೆ, ಮೂಗಿಗೆ ಕೊಳವೆ, ದೇವಮ್ಮ ಊದಿನಕಡ್ಡಿ ಬೆಳಗುತ್ತಿದ್ದಾಳೆ. ಈರಮ್ಮ ಬಟ್ಟಲನ್ನು ಅಲ್ಲೇ ಇಟ್ಟು ಹಿಂದಕ್ಕೆ ಹೋದವಳು ಎರಡು ದಿನ ನಮ್ಮ ಕಡೆ ಬರಲಿಲ್ಲ.

ಆದರೆ ಸೋರಿಕೆ ಸಿಕ್ಕಿತು. ಕಡ್ಡಿ ಕೆನ್ನೆಯ ಬದಿಗೆ ಹೋದಾಗ ಹೊಗೆ ನೆಟ್ಟಗೆ ಏರುತ್ತಿತ್ತು. ಮೂಗಿನ ಮುಂದೆ, ಮೀಸೆಯ ಮೇಲೆ ಬಂದ ಕೂಡಲೇ ಚೆಲ್ಲಾಪಿಲ್ಲಿಯಾಯಿತು. ಮೂರು ಸಲ ನೋಡಿದೆವು, ಮೂರು ಸಲವೂ ಅಲ್ಲೇ. ದೇವಮ್ಮ ಕಡ್ಡಿಯನ್ನು ಬೂದಿಗೆ ಚುಚ್ಚಿ ನಂದಿಸಿದಳು. "ಇನ್ನೊಂದ ಮಾತ ಆಡಬ್ಯಾಡ್ರಿ. ಮಾವ ಇರೂತನಕ ಮೀಸಿಗಿ ಕೈ ಹಚ್ಚಂಗಿಲ್ಲ" ಎಂದಳು. ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ಮೀಸೆ ತೆಗೆಯುವುದೆಂದರೆ ನಮ್ಮಲ್ಲಿ ಹುಡುಗಾಟವಲ್ಲ. ತಂದೆ ಬದುಕಿರುವ ಗಂಡಸು ಮೀಸೆ ಬೋಳಿಸುವುದಿಲ್ಲ. ತಂದೆ ತೀರಿಕೊಂಡಾಗಲೇ ಅದು ಹೋಗುವುದು. ಮೀಸೆ ಇಲ್ಲದ ಮುಖ ಕಂಡರೆ ಜನ ಏನನ್ನೂ ಕೇಳುವುದಿಲ್ಲ, ತಿಳಿದುಕೊಳ್ಳುತ್ತಾರೆ. ನನ್ನ ಅಪ್ಪನಿಗೆ ಎಂಬತ್ನಾಲ್ಕು. ಕಕ್ಕೇರಾದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾನೆ. ಮುಂಜಾನೆ ಹೋಟೆಲಿನ ಕಟ್ಟೆಯ ಮೇಲೆ ಕೂತು ಊರಿನ ಎಲ್ಲರಿಗೂ ಬುದ್ಧಿ ಹೇಳುವುದು ಅವನ ಉದ್ಯೋಗ. ಅವನ ಮೀಸೆ ನನ್ನದಕ್ಕಿಂತ ಎರಡು ಪಾಲು ದೊಡ್ಡದು. ನನ್ನದು ಅದರ ಮುಂದೆ ಹುಬ್ಬು ಎಂದು ಅವನ ಅಭಿಪ್ರಾಯ.

ನಾನು ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚಿ ಚಪ್ಪಟೆ ಮಾಡಿದೆ. ತುದಿ ಕತ್ತರಿಸಿದೆ. ಎಡಕ್ಕೆ ಹೆಚ್ಚಾಯಿತೆಂದು ಬಲಕ್ಕೆ, ಬಲಕ್ಕೆ ಹೆಚ್ಚಾಯಿತೆಂದು ಎಡಕ್ಕೆ ಕತ್ತರಿಸುತ್ತ ಸಾಕಷ್ಟು ದೂರ ಹೋದೆ. ಅಂಕಿ ಅಲುಗಲಿಲ್ಲ. ಡಾಕ್ಟರು ಹೇಳಿದ ದಿನಕ್ಕೆ ನಾಲ್ಕೇ ದಿನ ಉಳಿದಾಗ, ದೇವಮ್ಮ ತಂಗಿಯ ಮನೆಗೆಂದು ಹತ್ತಿಕುಣಿಗೆ ಹೋದಳು. ಒಂದು ಕಡೆ ಕಾಲುವೆ, ಒಂದು ಕಡೆ ಮೀಸೆ. ಮೀಸೆ ತಿಂಗಳೊಪ್ಪತ್ತಿಗೆ ಮತ್ತೆ ಬರುತ್ತದೆ, ಕಾಲುವೆ ಬರುವುದಿಲ್ಲ. ಕೊರೊನಾ ಕಾಲದ ಬಟ್ಟೆಯ ಮಾಸ್ಕ್ ಇನ್ನೂ ಗೂಟಕ್ಕೆ ತೂಗುತ್ತಿತ್ತು. ಮೀಸೆ ಬರುವವರೆಗೆ ಅದನ್ನು ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಆಫೀಸಿಗೆ ರಜೆ ಬರೆದು, ಬೆಳಕು ಹರಿಯುವ ಹೊತ್ತಿಗೆ ನಮ್ಮ ಓಣಿಯ ಕ್ಷೌರದ ಅಂಗಡಿಗೆ ಹೋಗಿ ಮೊದಲ ಗಿರಾಕಿಯಾಗಿ ಕೂತೆ.

"ಮೀಸಿ ತಗೀಪಾ" ಎಂದೆ. ಅವನ ಕೈ ನಿಂತಿತು. ಕನ್ನಡಿಯಲ್ಲಿ ನನ್ನನ್ನು ನೋಡಿದ. ಮೆಲ್ಲಗೆ ಹೋಗಿ ಟಿವಿ ಆರಿಸಿದ. ಮೂವತ್ತೈದು ವರ್ಷದ ಮೀಸೆಗೆ ಇವನು ತೋರಿಸುವ ಗೌರವ ಕಂಡು ನನಗೂ ಕಣ್ಣು ಒದ್ದೆಯಾಯಿತು. ಅದನ್ನು ಅವನು ನೋಡಿದ. ಮುಗಿದ ಮೇಲೆ, "ಯಾರ ಮುಂದೂ ಹೇಳಬ್ಯಾಡ, ನಂಗ ಇನ್ನಾ ಧೈರ್ಯ ಆಗವಲ್ದು" ಎಂದೆ. "ಇಲ್ರಿ ಅಣ್ಣಾರ, ನೀವು ಮೊದ್ಲು ಮನಿಗಿ ನಡೀರಿ" ಎಂದು ನನ್ನ ಭುಜ ಹಿಡಿದು ಮೆಟ್ಟಿಲು ಇಳಿಸಿದ. ರೊಕ್ಕ ತೆಗೆದುಕೊಳ್ಳಲಿಲ್ಲ. ಎಂಥ ಸಜ್ಜನ ಎಂದುಕೊಂಡು ಮನೆಗೆ ಬಂದೆ.

ಹತ್ತು ಗಂಟೆಗೆ ಈರಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ ತಂದಳು. "ಒಲಿ ಹಚ್ಚಿರಂಗಿಲ್ಲ, ಉಣ್ರಿ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು. ಹೆಂಡತಿ ಊರಲ್ಲಿಲ್ಲ ಎಂಬುದು ಓಣಿಗೆ ತಿಳಿದಿದೆ ಎಂದುಕೊಂಡು ಉಂಡೆ. ಹನ್ನೊಂದಕ್ಕೆ ಎದುರುಮನೆಯಿಂದ ಅನ್ನ ಸಾರು ಬಂತು. ಹನ್ನೆರಡಕ್ಕೆ ಹಿಂದಿನ ಮನೆಯವರು ಬದನೆಕಾಯಿ ಎಣ್ಣೆಗಾಯಿ ತಂದು, ನಾನು ಎರಡನೇ ಸಲ ಬಡಿಸಿಕೊಳ್ಳುವುದನ್ನು ನೋಡಿ ಗೋಡೆಗೆ ಒರಗಿ ಕೂತರು. ನಾನು ಸುಮ್ಮನಿರಲಾರದೆ ಈ ಸಲ ಕಾಲುವೆಗೆ ಎಷ್ಟು ನೀರು ಬರಬಹುದು ಎಂದು ವಿವರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಪಿಸುಗುಟ್ಟಿದರು. ಯಾರ ದುಃಖ, ಯಾರ ತಲೆ ಎಂದು ನಾನು ಯೋಚಿಸುತ್ತಿರುವಾಗಲೇ ಮಲ್ಲಪ್ಪನ ಫೋನು ಬಂತು. ಹಿಂದೆ ಜೀಪಿನ ಸದ್ದು. "ತಿಪ್ಪಣ್ಣ, ನಾವು ಆಫೀಸಿನವರೆಲ್ಲಾ ಸುರಪುರ ದಾಟೀವಿ. ಇನ್ನೊಂದ ತಾಸಿಗಿ ಕಕ್ಕೇರಾದಾಗ ಇರ್ತೀವಿ. ನೀ ಅಲ್ಲೇ ಇದ್ದೀಯಲ್ಲ? ಮಣ್ಣು ಎಷ್ಟೊತ್ತಿಗಿ ಇಟ್ಟೀರಿ?"

ನನ್ನ ಬಾಯಿಯಲ್ಲಿದ್ದ ಬದನೆಕಾಯಿ ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ನುಂಗಿ ಮಾತಾಡುವಷ್ಟರಲ್ಲಿ ಫೋನು ಕತ್ತರಿಸಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ತಮ್ಮನಿಗೆ ಮಾಡಿದೆ, ಅವನು ಹೊಲದಲ್ಲಿದ್ದ, ಎತ್ತಲಿಲ್ಲ.

ಕಕ್ಕೇರಾದಲ್ಲಿ ನಡೆದದ್ದನ್ನು ಅಪ್ಪನೇ ನೂರು ಜನರಿಗೆ ಹೇಳಿದ್ದಾನೆ, ಹಾಗಾಗಿ ನಾನು ಗುಟ್ಟು ಮಾಡುವುದರಲ್ಲಿ ಅರ್ಥವಿಲ್ಲ. ಜೀಪು ಹೋಟೆಲಿನ ಮುಂದೆ ನಿಂತಿತು. ಮಲ್ಲಪ್ಪ ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ಇಳಿದ. ಅವನು ನನ್ನ ಅಪ್ಪನನ್ನು ಎಂದೂ ನೋಡಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಮುದುಕನನ್ನೇ, "ಯಜಮಾನ್ರ, ಶಹಾಪುರದ ಗೇಜ್ ತಿಪ್ಪಣ್ಣನ ತಂದಿ ಮನಿ ಯಾವ ಕಡಿ ಬರ್ತದ್ರಿ?" ಎಂದು ಕೇಳಿದ.

"ಯಾಕ್ರಿ?"

"ತೀರಿಕೊಂಡಾರಲ್ರಿ."

"ಯಾವಾಗ?"

"ಇವತ್ತ ನಸಕಿನ್ಯಾಗ ಅಂತ್ರಿ."

"ಹೌದಾ? ನಸಕಿನ್ಯಾಗ ನಾ ಎದ್ದು ಎಮ್ಮಿ ಹಿಂಡೀನಿ, ಇಲ್ಲಿ ಬಂದು ಎರಡ ಚಾ ಕುಡದೀನಿ. ನಂಗ ಯಾರೂ ಹೇಳೇ ಇಲ್ಲ ನೋಡ್ರಿ."

ಮಲ್ಲಪ್ಪ ಹಾರವನ್ನು ಬೆನ್ನ ಹಿಂದೆ ಅಡಗಿಸಿದ. ಅಪ್ಪ ಕೈ ಚಾಚಿ, "ಕೊಡ್ರಿ ಇಲ್ಲಿ. ನನ್ನ ಹೆಸರಿಲೆ ತಂದದ್ದು ಹಿಂದ ಒಯ್ಯಬ್ಯಾಡ್ರಿ" ಎಂದು ಇಸಿದುಕೊಂಡು, ಎಲ್ಲರಿಗೂ ಚಹಾ ಕೊಡಿಸಿ, ಸುದ್ದಿ ಹೇಗೆ ಹೊರಟಿತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ. ನನ್ನ ಮೀಸೆಯ ವಿಷಯ ಬಂದಾಗ ಮಾತ್ರ ಚಹಾ ಕೆಳಗಿಟ್ಟನಂತೆ. ರಾತ್ರಿ ತಮ್ಮನ ಫೋನಿನಲ್ಲಿ ಗಾಳಿಯ ಕಥೆ, ರೊಟ್ಟಿಯ ಕಥೆ ಎಲ್ಲವನ್ನೂ ಅವನಿಗೆ ಒಪ್ಪಿಸಿದೆ.

ಮರುದಿನ ಮುಂಜಾನೆ ನಾನು ಎದ್ದು ಗುಂಡಿ ಒತ್ತಿದೆ. ಸೋರಿಕೆ, ಮೂವತ್ತೈದು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಮೂವತ್ತೈದೇ. ನನ್ನ ಮೂವತ್ತೈದು ವರ್ಷದ ಮೀಸೆ, ಅಪ್ಪನ ಜೀವ, ಓಣಿಯವರ ರೊಟ್ಟಿ, ಆಫೀಸಿನವರ ಜೀಪು, ಎಲ್ಲ ಸೇರಿ ಉಳಿಸಿದ್ದು ನಿಮಿಷಕ್ಕೆ ಒಂದು ಲೀಟರ್ ಗಾಳಿ. ನಸ್ರೀನ್ ಮೇಡಂಗೆ ಫೋನು ಮಾಡಿ, ಈಗಲೇ ಬರದಿದ್ದರೆ ಮಷೀನನ್ನು ಕಾಲುವೆಗೆ ಹಾಕುತ್ತೇನೆ ಎಂದೆ. ಅವರು ಬರುವ ಮುಂಚೆ ಮೊದಲ ಬಸ್ಸಿಗೆ ಅಪ್ಪ ಬಂದ, ಕೊರಳಲ್ಲಿ ಹಾರ ಹಾಕಿಕೊಂಡೇ. ಓಣಿಯಲ್ಲಿ ಪ್ರತಿ ಮನೆಯ ಮುಂದೆ ನಿಂತು, "ನಾ ತಿಪ್ಪಣ್ಣನ ಅಪ್ಪ, ಅರಾಮ ಇದ್ದೀನಿ, ರೊಟ್ಟಿ ಚೊಲೋ ಮಾಡಿದ್ರಂತ" ಎಂದು ಹೇಳುತ್ತ ಬಂದ. ಅವನ ಹಿಂದೆಯೇ ಸುದ್ದಿ ಕೇಳಿ ಹೌಹಾರಿ ಹೊರಟಿದ್ದ ದೇವಮ್ಮ. ಮಾವನನ್ನು ಓಣಿಯಲ್ಲಿ ಕಂಡು ಅವಳ ಕೈಯಿಂದ ಚೀಲ ಬಿತ್ತು.

"ಏನೋ ತಿಪ್ಪ" ಎಂದ ಅಪ್ಪ, ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡುತ್ತ, "ನಾ ಸತ್ತಾಗ ತಗೀಬೇಕಾದ್ದು ಈಗಾ ತಗದ್ರ, ಆಗ ಏನ ತಗೀತಿ?" ನನಗೆ ನಿಜವಾಗಿ ಬೇಸರವಾಗಿತ್ತು. ಅಪ್ಪ ನಗಿಸುತ್ತಿದ್ದರೂ ನನ್ನ ಗದ್ದ ಹಿಡಿದ ಕೈಯನ್ನು ಬಿಡಲಿಲ್ಲ. ಕಾಲಿಗೆ ಬಿದ್ದೆ. "ಏಳು, ಏಳು. ಗಾಳಿ ಹೋಗೂದು ನಿಂತೇನು?" ಎಂದ. ಇಲ್ಲ ಎಂದೆ. ಆಗ ಮಾತ್ರ ಅವನಿಗೆ ಖರೇ ಸಿಟ್ಟು ಬಂತು.

ನಸ್ರೀನ್ ಮೇಡಂ ಬಂದು ನನ್ನ ವಹಿ ನೋಡಿದರು, ನನ್ನ ಮುಖ ನೋಡಿದರು, ಹಾರ ಹಾಕಿಕೊಂಡು ಕೂತ ಅಪ್ಪನನ್ನು ನೋಡಿದರು. ಆಮೇಲೆ ಮಾಸ್ಕ್ ಎತ್ತಿ ಬೆಳಕಿಗೆ ಹಿಡಿದರು. ಮೂಗಿನ ಎದುರಿಗೆ ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳ ಸಾಲು. ನಾನು ಅದನ್ನು ಡಿಸೈನ್ ಎಂದುಕೊಂಡಿದ್ದೆ. "ಇವು ಬೇಕಂತನ ಇಟ್ಟಿದ್ದು ಸರ್. ನೀವು ಹೊರಗ ಬಿಟ್ಟ ಕೆಟ್ಟ ಗಾಳಿ ಇಲ್ಲಿಂದ ಹೋಗಬೇಕು, ಇವನ್ನ ಯಾವತ್ತೂ ಮುಚ್ಚಬಾರ್ದು. ಹತ್ತು ಪ್ರೆಶರಿಗಿ ಈ ಮಾಸ್ಕಿನ್ಯಾಗ ಇಪ್ಪತ್ತೊಂಬತ್ತು ಲೀಟರ್ ಇಲ್ಲಿಂದನ ಹೋಗ್ತದ. ಕೆಲವು ಮಷೀನು ಅದನ್ನ ಕಳದು ತೋರಸ್ತಾವ, ನಿಮ್ಮದು ಕೂಡಿಸಿ ತೋರಸ್ತದ. ಇದು ಲೀಕ್ ಅಲ್ರಿ, ಹೋಗಬೇಕಾದದ್ದು."

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ನಾನೇ ಮೂವತ್ತೊಂದು ವರ್ಷ ರೈತರಿಗೆ ಹೇಳಿದ್ದು. "ಮೊದ್ಲ ಹೇಳಬಾರ್ದೇನ್ರಿ ಮೇಡಂ?" ಎಂದೆ. ಅವರು ಸ್ವಲ್ಪ ಸಂಕೋಚದಿಂದ, "ಮಷೀನ್ ಕೊಟ್ಟ ದಿನಾನ ಹೇಳಾಕ ಹತ್ತಿದ್ದೆ ಸರ್. ಐದ ಸಲ ಬಾಯಿ ತಗದೆ. ನೀವು ಎಸ್ಕೇಪ್ ಗೇಟಿನ ಸುದ್ದಿ ಹೇಳಾಕತ್ತಿದ್ರಿ" ಎಂದರು. ದೇವಮ್ಮ ಗೋಡೆಯ ಕಡೆಗೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು.

ನನಗೆ ಇನ್ನೊಂದು ಆಸರೆ ಉಳಿದಿತ್ತು. ಇಪ್ಪತ್ತೊಂಬತ್ತು ಹೋಗಬೇಕಾದದ್ದು ಸರಿ, ಉಳಿದ ಆರು ಎಲ್ಲಿಯದು? ಒಂದು ಲೀಟರ್ ಮೀಸೆಯದ್ದಾಗಿರಲಿಲ್ಲವೇ? ಹಾಗಿದ್ದರೆ ಮೀಸೆ ತೆಗೆದದ್ದು ಪೂರ್ತಿ ವ್ಯರ್ಥವಲ್ಲ. ಇದನ್ನು ಮಾಸ್ಕ್ ಹಾಕಿಕೊಂಡೇ, ಮಷೀನು ಊದುತ್ತಿರುವಾಗಲೇ, ಉದಾಹರಣೆಗಳ ಸಮೇತ ವಾದಿಸಿದೆ. ಪರದೆಯಲ್ಲಿ ಅಂಕಿ ಮೂವತ್ತೈದು, ನಲವತ್ತು, ಐವತ್ತು ಎಂದು ಏರುತ್ತಿತ್ತು. ಅಪ್ಪ ತಡೆಯಲಾರದೆ, "ಅದನ್ನ ನಂಗ ಹಾಕ್ರಿ, ಮೀಸಿ ಏನ ಮಾಡ್ತದ ನೋಡೂಣು" ಎಂದ. ನಸ್ರೀನ್ ಮೇಡಂ ಚೀಲದಿಂದ ಅದೇ ಅಳತೆಯ ಹೊಸ ಮಾಸ್ಕ್ ತೆಗೆದು ಅವನ ಮೂಗಿಗೆ ಕೂರಿಸಿದರು. ಎಣ್ಣೆ ಉಂಡು ಬೆಳೆದ ಆ ಮಹಾಮೀಸೆಯ ಮೇಲೆ ರಬ್ಬರು ಮೆತ್ತಗೆ ಒತ್ತಿಕೊಂಡು ಕೂತಿತು. ಅಪ್ಪ ಹಾರದ ಸಮೇತ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಗಂಭೀರವಾಗಿ ಉಸಿರಾಡಿದ. ನಾವೆಲ್ಲ ಪರದೆಗೆ ಬಗ್ಗಿದೆವು. ಇಪ್ಪತ್ತೊಂಬತ್ತು. ಎರಡು ನಿಮಿಷ ಕಾದೆವು. ಇಪ್ಪತ್ತೊಂಬತ್ತೇ, ಅರ್ಧ ಲೀಟರ್ ಆಚೀಚೆ ಇಲ್ಲ.

"ಇಷ್ಟ ದೊಡ್ಡ ಮೀಸಿ ಇದ್ರೂ ಹ್ಯಾಂಗ್ರಿ?" ಎಂದೆ.

"ಯಜಮಾನ್ರು ಬಾಯಿ ಮುಚ್ಚಿಕೊಂಡು ಕುಂತಾರಲ್ರಿ ಸರ್" ಎಂದರು ನಸ್ರೀನ್ ಮೇಡಂ. "ನಿಮ್ಮದು ಬಾಯಿಲೆ ಹೋಗಾಕತ್ತದ. ನಿದ್ದ್ಯಾಗೂ ಬಾಯಿ ತಗೀತೀರಿ." ಇದಕ್ಕೆ ಸಾಕ್ಷಿ ಬೇಕೇ ಎಂಬಂತೆ ದೇವಮ್ಮ ಮುಂದೆ ಬಂದು, ನಾನು ನಿದ್ದೆಯಲ್ಲಿ ಯಾವ ಯಾವ ಉಪಕಾಲುವೆಗೆ ಎಷ್ಟು ನೀರು ಎಂದು ಓದುತ್ತೇನೆಂದು ಊರುಗಳ ಹೆಸರು ಸಮೇತ ಹೇಳಿದಳು.

ಉಪಾಯ ಸುಲಭದ್ದಿತ್ತು. ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಕಟ್ಟಿಕೊಳ್ಳುವ ಒಂದು ಪಟ್ಟಿ ಕೊಟ್ಟರು. ಕಟ್ಟಿಕೊಂಡು ಕನ್ನಡಿ ನೋಡಿದರೆ, ಹೆಣಕ್ಕೆ ಗದ್ದ ಕಟ್ಟುತ್ತಾರಲ್ಲ, ಥೇಟ್ ಹಾಗೆ ಕಾಣುತ್ತಿದ್ದೆ. ಮೀಸೆ ಬೇರೆ ಇಲ್ಲ. ಆದರೆ ಮರುದಿನದಿಂದ ಅಂಕಿ ಮೂವತ್ತು. ಡಾಕ್ಟರು ವರದಿ ನೋಡಿ, ನಾಲ್ಕು ಎಂಬುದು ಖರೇ ನಾಲ್ಕು ಎಂದು ಒಪ್ಪಿ ಪತ್ರ ಬರೆದುಕೊಟ್ಟರು. ಮಲ್ಲಪ್ಪ ವಹಿಯನ್ನು ಹಿಂದಿರುಗಿಸುವಾಗ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಕಾಲುವೆಯ ದಂಡೆಗೆ ಹೋಗಿ ಗೇಜಿನ ಎದುರು ಬಗ್ಗಿದಾಗ ಎದೆ ತುಂಬಿ ಬಂತು. ಪಕ್ಕದಲ್ಲಿ ಅಪ್ಪನೂ ಬಗ್ಗಿದ್ದ. ಮೀಸೆ ಬರುವವರೆಗೆ ನನ್ನನ್ನು ಒಬ್ಬನೇ ಹೊರಗೆ ಬಿಟ್ಟರೆ ಊರೂರಿನವರು ತನ್ನನ್ನು ಸಾಯಿಸುತ್ತಾರೆಂದು, ನಾನು ಹೋದಲ್ಲೆಲ್ಲ ಜೊತೆಗೆ ಬರುವುದಾಗಿ ಅವನು ತೀರ್ಮಾನಿಸಿದ್ದ. ಹೀಗೆ ಒಂದೂವರೆ ತಿಂಗಳು ನಾನು ಅಪ್ಪನನ್ನು ಪ್ರಮಾಣಪತ್ರದಂತೆ ಜೊತೆಗಿಟ್ಟುಕೊಂಡೇ ಗೇಜ್ ನೋಡಿದೆ.

ಪಟ್ಟಿಯ ವಿಷಯ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ದೇವಮ್ಮ ನಸ್ರೀನ್ ಮೇಡಂಗೆ ಫೋನು ಮಾಡಿ, "ಇದು ರಾತ್ರಿಗಿ ಅಷ್ಟೇ ಏನ್ರಿ, ಹಗಲಿಗೂ ನಡೀತದೇನ್ರಿ?" ಎಂದು ಕೇಳಿದಳು. ರೂಢಿಯಾಗಲಿ ಎಂದು ಹಗಲಲ್ಲಿ ಒಂದು ತಾಸು ಹಾಕಿಕೊಂಡರೆ ಒಳ್ಳೆಯದೇ ಎಂದರಂತೆ ಅವರು. ದೇವಮ್ಮ ಅದನ್ನು ಔಷಧದ ಚೀಟಿಯಂತೆ ಪಾಲಿಸುತ್ತಿದ್ದಾಳೆ. ಸಂಜೆ ಐದರಿಂದ ಆರರವರೆಗೆ ನನ್ನ ಗದ್ದ ಕಟ್ಟಿ ಎದುರಿಗೆ ಕೂತು, ಇಪ್ಪತ್ತೆಂಟು ವರ್ಷದಿಂದ ಹೇಳಬೇಕೆಂದಿದ್ದನ್ನೆಲ್ಲ ಸಾವಕಾಶವಾಗಿ ಹೇಳುತ್ತಾಳೆ. ನಾನು ಕೇಳುತ್ತೇನೆ. ಕೇಳುತ್ತ ಕೇಳುತ್ತ, ಬಾಯಿಯಿಂದ ಆಡಲಾಗದ್ದನ್ನು ಹಳೆಯ ಗೇಜ್ ವಹಿಯ ಖಾಲಿ ಹಾಳೆಗಳ ಮೇಲೆ ಗೀಚುತ್ತೇನೆ. ನೀವು ಈಗ ಓದಿದ್ದು ಅದೇ. ನಿನ್ನೆ ಸಂಜೆ ದೇವಮ್ಮ ಈ ಹಾಳೆಗಳನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಚೆನ್ನಾಗಿದೆ ಎನ್ನುತ್ತಾಳೇನೋ ಎಂದು ಪಟ್ಟಿಯೊಳಗಿನಿಂದಲೇ ಅವಳ ಮುಖ ನೋಡುತ್ತಿದ್ದೆ. ಅವಳು ಹಾಳೆಗಳನ್ನು ಒಟ್ಟುಮಾಡಿ ಕೆಳಗಿಟ್ಟು, ಫೋನು ಕೈಗೆತ್ತಿಕೊಂಡಳು. "ತಡೀರಿ, ಕೈಗೂ ಒಂದ ಪಟ್ಟಿ ಸಿಗ್ತದೇನು ಮೇಡಂಗ ಕೇಳ್ತೀನಿ."